ಈ ಮಳೆಗಾಲ ಒಂದು ಕಳೀಲಿ

ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯ ಯಾವ ಊರಿಗೆ ಹೋದರೂ ಇವರು ಒಬ್ಬರಾದರೂ ಸಿಗುತ್ತಾರೆ. ಹೆಸರು ಏನಾದರೂ ಇರಲಿ, ನಾವು ರಾಯರು ಅನ್ನೋಣ. ಮೂರು ಎಕರೆ ಅಡಿಕೆ ತೋಟ, ಅಜ್ಜ ಕಟ್ಟಿಸಿದ ಹೆಂಚಿನ ಮನೆ, ಬೆಂಗಳೂರಿನಲ್ಲಿ ಮಗ, ಮಣಿಪಾಲದಲ್ಲಿ ಮಗಳು, ಸೊಂಟದಲ್ಲಿ ಆಗಾಗ ನೋವು. ಮನೆಯ ಮಾಡು ಹೋಗಿದೆ ಎಂಬುದು ಊರಿಗೆಲ್ಲ ಗೊತ್ತು. ಹಾಲು ತರುವ ಹುಡುಗನಿಗೆ ಗೊತ್ತು, ಕರೆಂಟು ಬಿಲ್ಲಿನವನಿಗೆ ಗೊತ್ತು. "ಮಾಡು ಒಮ್ಮೆ ಬಿಚ್ಚಿ ಹಾಕಿಸಬೇಕಲ್ಲ ರಾಯರೇ" ಎಂದು ಯಾರಾದರೂ ಬಾಯಿಬಿಟ್ಟರೆ ಅವರು ಕವಳವನ್ನು ಅಂಗಳದಂಚಿಗೆ ಉಗಿದು ಬಂದು ನಿಧಾನವಾಗಿ ಹೇಳುತ್ತಾರೆ: "ಹಾಕಿಸೋದೇ. ಈ ಮಳೆಗಾಲ ಒಂದು ಕಳೀಲಿ."

ಈ ಮಾತನ್ನು ಆರಿದ್ರಾ ಮಳೆ ಹಿಡಿದಾಗ ಹೇಳಿದರೆ ನ್ಯಾಯವಿದೆ. ಆ ಮಳೆಯಲ್ಲಿ ಮಾಡು ಬಿಚ್ಚುವ ಹುಚ್ಚ ಯಾರಿದ್ದಾನೆ? ಆದರೆ ರಾಯರು ಇದನ್ನು ಶಿವರಾತ್ರಿಯ ಸುಡುಬಿಸಿಲಿನಲ್ಲೂ ಹೇಳುತ್ತಾರೆ. ಅವರ ಪಂಚಾಂಗದಲ್ಲಿ ಮಾಡು ರಿಪೇರಿಗೆ ಮುಹೂರ್ತವೇ ಇಲ್ಲ. ದೀಪಾವಳಿ ಕಳೆದರೆ ಅಡಿಕೆ ಕೊಯ್ಲು. ಕೊಯ್ಲು ಮುಗಿದರೆ ರೇಟು ಏರಲಿ ಎಂದು ಕಾಯಬೇಕು. ರೇಟು ಏರಿತೋ, ಮದುವೆ ಉಪನಯನಗಳ ಕಾಲ, ಆಳು ಸಿಗುವುದಿಲ್ಲ. ಆಳು ಸಿಕ್ಕಿದ ದಿನವೇ ಭರಣಿ ಮಳೆ ಪಶ್ಚಿಮಕ್ಕೆ ಗುಡುಗುತ್ತದೆ. ರಾಯರು ಆಕಾಶ ನೋಡಿ, ಆಳಿನ ಮುಖ ನೋಡಿ, ಗೆದ್ದವರಂತೆ ತಲೆಯಾಡಿಸುತ್ತಾರೆ.

ಇಷ್ಟು ಓದಿ ಅವರನ್ನು ಏನೂ ತಿಳಿಯದ ಹಳ್ಳಿಗ ಅಂದುಕೊಂಡರೆ ಕೆಟ್ಟಿರಿ. ಬೇರೆಯವರ ಮಾಡಿನ ವಿಷಯದಲ್ಲಿ ತಾಲೂಕಿನಲ್ಲಿ ಅವರಷ್ಟು ಬಲ್ಲವರಿಲ್ಲ. ಮದುವೆಮನೆಗೆ ಹೋದಾಗ ಎಲ್ಲರೂ ಹುಡುಗಿ ನೋಡುತ್ತಿದ್ದರೆ ಇವರು ಅಂಗಳದ ತುದಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಮಾಡಿನ ನೆತ್ತಿ ನೋಡುತ್ತಿರುತ್ತಾರೆ. ನೆತ್ತಿಯ ಗೆರೆ ನೇರವಿದ್ದರೆ ಸರಿ. ನಡುವೆ ಚೂರು ತಗ್ಗಿದ್ದರೆ ತೀರ್ಪು ಅಲ್ಲೇ: "ಬೆನ್ನು ಬಿದ್ದಿದೆ." ಆಮೇಲೆ ಊಟದ ಪಂಕ್ತಿ ಏಳುವವರೆಗೂ ಪಾಠ. ಮಂಗಳೂರು ಹೆಂಚು ಚದರ ಮೀಟರಿಗೆ 15 ಹಿಡಿಯುತ್ತದೆ, ಒಂದೊಂದು ಎರಡೂವರೆ ಕೆ.ಜಿ. ಹತ್ತಿರ ತೂಗುತ್ತದೆ, ಸಾಧಾರಣ ಮನೆಯೊಂದರ ನೆತ್ತಿಯ ಮೇಲೆ ಐದಾರು ಟನ್ ಮಣ್ಣು ಕೂತಿದೆ ಅಂತ ಲೆಕ್ಕ. ಮಳೆಗಾಲದಲ್ಲಿ ಹಳೇ ಹೆಂಚು ನೀರು ಕುಡಿದು ಇನ್ನೂ ಭಾರವಾಗುತ್ತದೆ. ಹೆಂಚು ಹೊತ್ತ ಪಕಾಸಿನ ಮರ ಬಾಗಿದರೆ ಇಳಿಜಾರು ಕಡಿಮೆಯಾಗುತ್ತದೆ, ಹೆಂಚಿಗೂ ಹೆಂಚಿಗೂ ಇರುವ ಹಿಡಿತ ಸಡಿಲುತ್ತದೆ, ಗಾಳಿಮಳೆಗೆ ನೀರು ಮೇಲ್ಮುಖವಾಗಿ ನುಗ್ಗಿ ಒಳಗಿಳಿಯುತ್ತದೆ. "ಆಗ ಹೆಂಚು ಬದಲಿಸಿದ್ರೆ ಏನು ಬಂತು? ಹೆಂಚು ಒಡೆದರೆ ಹೆಂಚು ನೋಡು. ಹೆಂಚು ಜಾರಿದರೆ ಮರ ನೋಡು." ಹುಡುಗಿಯ ತಂದೆ ಕೈಯಲ್ಲಿ ಪನ್ನೀರುದಾನಿ ಹಿಡಿದು ಇದನ್ನೆಲ್ಲ ಕೇಳಿಸಿಕೊಳ್ಳಬೇಕು.

ಮುಂದಿನ ಪರೀಕ್ಷೆ ಒಳಗೆ. ಕುಟ್ಟೆ ಹಿಡಿದ ಮರದ ಕೆಳಗೆ ಬೆಳಗಾದರೆ ಹಿಟ್ಟಿನಂಥ ಪುಡಿ ಉದುರಿರುತ್ತದೆ. ಒರಲೆ ಹತ್ತಿದ್ದರೆ ಗೋಡೆಯ ಮೇಲೆ ಮಣ್ಣಿನ ಗೆರೆ ಏರಿರುತ್ತದೆ, ಅದು ಯಾವಾಗಲೂ ದೇವರಪಟದ ಹಿಂದಿನಿಂದಲೇ ಏರುವುದು. ಪಕಾಸಿನ ತುದಿ ಗೋಡೆಯ ಮೇಲೆ ಕೂರುವ ಜಾಗದಲ್ಲಿ ರಾಯರು ಜೇಬಿನಿಂದ ಬೀರುವಿನ ಕೀಲಿಕೈ ತೆಗೆದು ಚುಚ್ಚುತ್ತಾರೆ. ಕೀಲಿಕೈ ನಿಂತರೆ ಮರ ಇದೆ, ಹೊಕ್ಕರೆ ಮರ ಇಲ್ಲ. ಇಳಿಸಿಟ್ಟ ಹೆಂಚೊಂದನ್ನು ಬೆರಳಗೆಣ್ಣಿನಿಂದ ತಟ್ಟುತ್ತಾರೆ. ಟಣ್ ಎಂದರೆ ಇನ್ನೊಂದು ತಲೆಮಾರು, ಡಬ್ ಎಂದರೆ ಒಳಗೆ ಬಿರುಕು. ಇದು ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲೂ ಹೇಳಿಕೊಡದ ವಿದ್ಯೆ, ಮತ್ತು ಬಹುಪಾಲು ಸರಿ.

ಅದೇ ರಾಯರು ತಮ್ಮ ಮನೆಯ ಮೆಟ್ಟಿಲು ಹತ್ತಿದೊಡನೆ ಈ ವಿದ್ಯೆಯನ್ನು ಚಪ್ಪಲಿಯ ಜೊತೆ ಹೊರಗೇ ಬಿಡುತ್ತಾರೆ. ಅವರ ಮನೆಯ ನೆತ್ತಿ ತಗ್ಗಿರುವುದು ಗಾಳಿ ತಡೆಯಲಿ ಎಂದು ಅಜ್ಜ ಬೇಕೆಂದೇ ಮಾಡಿಸಿದ್ದು. ಸಾರಿನ ಮೇಲೆ ಪುಡಿ ಉದುರಿದರೆ ಅದು ಹಳೇ ಮರದ ಸಹಜ ಧರ್ಮ. ಮಾಡಿನ ಮೇಲೆ ಪಾಚಿ ಬೆಳೆದು, ಪಾಚಿಯ ಮೇಲೆ ಜರೀಗಿಡ ಹುಟ್ಟಿ, ಅದರ ನಡುವೆ ಅತ್ತಿಯ ಸಸಿಯೊಂದು ತಲೆಯೆತ್ತಿದಾಗ, "ಬೆಂಗಳೂರಲ್ಲಿ ಇದಕ್ಕೆ ದುಡ್ಡು ಕೊಟ್ಟು ಮಾಡಿಸ್ತಾರೆ" ಎಂದರು. ಮಧ್ಯಾಹ್ನ ನಡುಮನೆಯಲ್ಲಿ ಬಿಸಿಲಿನ ನಾಲ್ಕಾರು ಕೋಲು ಇಳಿದು ನಿಲ್ಲುತ್ತವೆ. ಗಾಜಿನ ಹೆಂಚಿನ ಖರ್ಚು ಉಳಿಯಿತು ಎಂದು ಅದಕ್ಕೂ ಸಮಾಧಾನ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅಲ್ಲಿಂದ ಹೆಚ್ಚು ದೂರವಿಲ್ಲದ ರಾಯರ ಮನೆಯೊಳಗೆ ಎಷ್ಟು ಬೀಳುತ್ತದೆಂದು ಹವಾಮಾನ ಇಲಾಖೆ ಅಳೆದಿಲ್ಲ, ರಾಯರ ಹೆಂಡತಿ ಅಳೆದಿದ್ದಾರೆ. ಅವರ ಅಳತೆ ಪಾತ್ರೆಗಳಲ್ಲಿ. ಸಾಧಾರಣ ಮಳೆಗೆ ಬೋಗುಣಿ ಮತ್ತು ಕೊಡಪಾನ ಸಾಕು. ಪುನರ್ವಸುವಿಗೆ ಹಂಡೆ ಹೊರಬರುತ್ತದೆ. ಪುಷ್ಯಕ್ಕೆ ಇಡ್ಲಿ ಪಾತ್ರೆಯೂ ಹೊರಟಿತೆಂದರೆ ಆ ವಾರ ಮನೆಯಲ್ಲಿ ಇಡ್ಲಿ ಇಲ್ಲ. ಯಾವ ಪಾತ್ರೆ ಎಲ್ಲಿ ಎಂದು ಕತ್ತಲಲ್ಲೂ ತಪ್ಪದೆ ಇಡುತ್ತಾರೆ. ಕರೆಂಟು ಹೋದ ರಾತ್ರಿ ನೆಂಟರಷ್ಟೇ ಎಡವುವುದು.

ರಾಯರ ಕೆಲಸ ಕೋಲಿನದು. ತೋಟದಿಂದ ತಂದ ಉದ್ದನೆಯ ಬಿದಿರುಕೋಲೊಂದು ಜಗಲಿಯ ಮೂಲೆಯಲ್ಲಿ ವರ್ಷವಿಡೀ ಒರಗಿರುತ್ತದೆ. ಹನಿ ಬಿದ್ದಲ್ಲಿ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ಕೋಲಿನ ತುದಿಯಿಂದ ಹೆಂಚನ್ನು ಒಂದು ಬೆರಳಿನಷ್ಟು ಮೇಲಕ್ಕೆ ದೂಡುತ್ತಾರೆ. ಸೋರುವುದು ನಿಲ್ಲುತ್ತದೆ. ಐದು ನಿಮಿಷಕ್ಕೆ ಪಕ್ಕದ ಕೋಣೆಯಿಂದ ಹೆಂಡತಿ ಕೂಗುತ್ತಾರೆ. ನೀರಿಗೆ ಎಲ್ಲಿ ನುಗ್ಗಿತೋ ಅಲ್ಲೇ ಬೀಳಬೇಕೆಂಬ ನಿಯಮವಿಲ್ಲ, ಅದು ಹೆಂಚಿನಡಿಯ ರೀಪಿನ ಗುಂಟ ಜಾರಿ, ಪಕಾಸು ಹಿಡಿದು, ನಾಲ್ಕು ಮಾರು ಆಚೆ ಹನಿಯುತ್ತದೆ. ಇದು ರಾಯರಿಗೂ ಗೊತ್ತು. ಗೊತ್ತಿದ್ದೂ ಹನಿ ಬಿದ್ದಲ್ಲೇ ದೂಡುತ್ತಾರೆ. ಹೀಗೆ ದೂಡಿ ದೂಡಿ ಒಂದು ಮಳೆಗಾಲದಲ್ಲಿ ಅಡುಗೆಮನೆಯ ಸೋರಿಕೆಯನ್ನು ಮಗ-ಸೊಸೆ ಬಂದರೆ ಮಲಗುವ ಕೋಣೆಯವರೆಗೆ ಸಾಗಿಸಿದ ಕೀರ್ತಿ ಅವರದು.

ಕೋಲಿಗೂ ಬಗ್ಗದ ಕಡೆ ತೇಪೆ. ಮೊದಲು ಅಡಿಕೆ ಹಾಳೆ ಸಿಕ್ಕಿಸುತ್ತಿದ್ದರು, ಆಮೇಲೆ ಗೊಬ್ಬರದ ಚೀಲ, ಈಗ ಫ್ಲೆಕ್ಸು. ಚುನಾವಣೆ ಮುಗಿದ ಮಾರನೇ ದಿನ ರಾಯರು ಬಸ್ ಸ್ಟ್ಯಾಂಡಿನ ಕಡೆ ಹೊರಡುವುದು ಫಲಿತಾಂಶ ಕೇಳಲಿಕ್ಕಲ್ಲ. ಅವರ ಅಟ್ಟದಲ್ಲಿ ಅಂಗಾತ ಮಲಗಿದರೆ ಎಲ್ಲ ಪಕ್ಷದವರೂ ಮೇಲಿನಿಂದ ಕೈ ಮುಗಿಯುತ್ತಾರೆ. ದೇವರಕೋಣೆಯ ಮೇಲೆ ಮಾತ್ರ ಯಾವ ಪಕ್ಷವನ್ನೂ ಹಾಕಿಲ್ಲ. ಅಲ್ಲಿ ಜಾತ್ರೆಯ ಫ್ಲೆಕ್ಸು. "ಮನೆ ಮೇಲೆ ಒಂದು ದೊಡ್ಡ ಟಾರ್ಪಾಲಾದ್ರೂ ಹೊದಿಸಿ" ಎಂದು ಹೆಂಡತಿ ಕೇಳಿದ್ದುಂಟು. ರಾಯರಿಗೆ ಸಿಟ್ಟು ಬಂತು. ದಾರಿಯಲ್ಲಿ ಹೋಗುವವರು ಮನೆ ಬಿದ್ದಿದೆ ಅಂದುಕೊಳ್ಳುವುದಿಲ್ಲವೇ?

ಇಷ್ಟೆಲ್ಲದರ ಹಿಂದೆ ಜಿಪುಣತನವಿದೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಗಳ ಮದುವೆಗೆ ಅವರು ಖರ್ಚು ಮಾಡಿದ್ದರಲ್ಲಿ ಎರಡು ಮಾಡು ಏಳುತ್ತಿತ್ತು. ಅವರ ಕಷ್ಟ ಬೇರೆ. ಅದರ ಸುಳಿವು ಸಿಗಬೇಕಾದರೆ ನೀವು ಒಮ್ಮೆ ಅವರ ಹೆಂಚು ಹೊಗಳಬೇಕು. ತಕ್ಷಣ ಒಳಗಿನಿಂದ ಒಂದು ಬಿಡಿ ಹೆಂಚು ತಂದು, ಪಂಚೆಯ ಅಂಚಿನಿಂದ ಒರೆಸಿ, ಬೆನ್ನು ಮಗುಚಿ ತೋರಿಸುತ್ತಾರೆ. ಅಲ್ಲಿ ಬಾಸೆಲ್ ಮಿಷನ್ ಕಾರ್ಖಾನೆಯ ಹೆಸರು, ಕೆಳಗೆ 1865 ಎಂಬ ಅಂಕಿ, ಅಚ್ಚೊತ್ತಿದ ಅಕ್ಷರ ಇನ್ನೂ ಕೈಗೆ ತಾಗುತ್ತದೆ. "ನೋಡಿ, 1865ರ ಹೆಂಚು. ಈಗಿನವು ಐದು ವರ್ಷಕ್ಕೆ ಪುಡಿ."

ನಿಜ ಏನೆಂದರೆ, ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ಮಂಗಳೂರಿನ ಜೆಪ್ಪುವಿನಲ್ಲಿ ಆ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ಎಷ್ಟೋ ವರ್ಷ ಹೆಂಚುಗಳ ಬೆನ್ನಿಗೆ ಆ ಇಸವಿಯನ್ನೇ ಒತ್ತಿದರು, ಅಂಗಡಿ ಬೋರ್ಡಿನಲ್ಲಿ ಸ್ಥಾಪನೆಯ ವರ್ಷ ಬರೆಸುವ ಹಾಗೆ. ರಾಯರ ಅಜ್ಜ ಹುಟ್ಟುವ ಮೊದಲೇ ಅವರ ಮನೆಯ ಹೆಂಚು ಸುಟ್ಟಿದ್ದರೆ ಅದು ದೊಡ್ಡ ಪವಾಡ. ಇದನ್ನು ಅವರಿಗೆ ಹೇಳುವ ಧೈರ್ಯ ಊರಲ್ಲಿ ಯಾರಿಗೂ ಬಂದಿಲ್ಲ. ಅಜ್ಜ ಆ ಹೆಂಚನ್ನು ಎತ್ತಿನಗಾಡಿಯಲ್ಲಿ ಆಗುಂಬೆ ಘಾಟಿ ಹತ್ತಿಸಿದ ಕಥೆಯನ್ನು ಅವರು ಹೇಳುತ್ತ ಹೋದರೆ ಗಾಡಿಯ ಎತ್ತಿನ ಹೆಸರೂ ಬರುತ್ತದೆ. ಅದುವರೆಗೆ ಸೋಗೆ ಹೊದಿಸುತ್ತಿದ್ದ ಊರಿನಲ್ಲಿ ಮೊದಲ ಹೆಂಚಿನ ಮನೆ ಅದು. ಅಂಥ ಮಾಡು ಹೋಗಿದೆ ಎಂದು ಒಪ್ಪುವುದಕ್ಕೆ ಮೊಮ್ಮಗನ ಬಾಯಿ ಹೇಗೆ ಬಂದೀತು?

ಆದರೂ ಆಚಾರಿಯನ್ನು ಕರೆಸಿದ್ದುಂಟು. ಆಚಾರಿ ಏಣಿ ಹತ್ತಿ, ಅಟ್ಟದಲ್ಲಿ ಕೈ ಮುಗಿದವರನ್ನೆಲ್ಲ ದಾಟಿ, ಕೆಳಗಿಳಿದು, ಕಾಫಿ ಕುಡಿದು ಹೇಳಿದ: ಹೆಂಚು ಮುಕ್ಕಾಲು ಪಾಲು ಚೆನ್ನಾಗಿದೆ, ಮರ ಮುಕ್ಕಾಲು ಪಾಲು ಇಲ್ಲ. ಕೈಯಾಡಿಸಿ ಪ್ರಯೋಜನವಿಲ್ಲ, ಹೆಂಚು ಇಳಿಸಿ ಪಕಾಸು ರೀಪು ಎಲ್ಲ ಹೊಸದು ಹಾಕಬೇಕು. ರಾಯರು ಮೊದಲ ಅರ್ಧವನ್ನು ಊರಿಗೆಲ್ಲ ಹೇಳಿದರು. ಎರಡನೇ ಅರ್ಧಕ್ಕೆ ಮರ ಬೇಕು. ಹಿತ್ತಲಲ್ಲಿ ಹಲಸಿನ ಮರವಿದೆ, ಆದರೆ ಅದನ್ನು ಮುಟ್ಟುವ ಮಾತು ಬಂದಾಗೆಲ್ಲ ರಾಯರು ಇದ್ದಕ್ಕಿದ್ದಂತೆ ಕಾನೂನಿಗೆ ತಲೆಬಾಗುವ ಪ್ರಜೆಯಾಗುತ್ತಾರೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ, ಅರ್ಜಿ, ಅರಣ್ಯ ಇಲಾಖೆಯ ತಪಾಸಣೆ, ಎಲ್ಲ ಬಾಯಿಪಾಠ. ಅರ್ಜಿ ಮಾತ್ರ ಬರೆದಿಲ್ಲ. ಕಬ್ಬಿಣದ ಪೈಪಿಗೆ ತುಕ್ಕು. ಬಣ್ಣದ ಶೀಟು ಹಾಕಿಸಿದರೆ ಮಳೆ ಸದ್ದಿಗೆ ಮನೆಯೊಳಗೆ ಗಂಡ ಹೆಂಡತಿ ಮಾತು ಒಬ್ಬರಿಗೊಬ್ಬರಿಗೆ ಕೇಳುವುದಿಲ್ಲ ಎಂದರು.

"ಅಷ್ಟಾದರೂ ಆಗಲಿ" ಎಂದು ಒಳಗಿನಿಂದ ಕೇಳಿಬಂತು.

ಕೊನೆಗೆ ಕೆಲಸ ಮಾಡಿದ್ದು ಮಳೆಯಲ್ಲ. ಯುಗಾದಿ ಕಳೆದು ವಾರವಾಗಿತ್ತು, ಆಕಾಶದಲ್ಲಿ ಮೋಡದ ಸುಳಿವಿಲ್ಲ. ಹಲಸಿನ ಮರದಿಂದ ಮಂಗಗಳ ದಂಡು ಮಾಡಿಗೆ ಹಾರಿತು. ಪ್ರತಿ ವರ್ಷ ಹಾರುವ ಮಂಗಗಳೇ. ಈ ಸಲ ಹಿರಿಯ ಗಡವವೊಂದು ಕೂತ ಜಾಗದಲ್ಲಿ ಕರಕ್ ಎಂದಿತು, ಮೂರು ಪಕಾಸು ಮುರಿದು, ಒಂದು ರಾಶಿ ಹೆಂಚು, ಎರಡು ಪಕ್ಷ ಮತ್ತು ಒಂದು ಜಾತ್ರೆ ನಡುಮನೆಗೆ ಬಂದು ಬಿದ್ದವು. ಪುಣ್ಯಕ್ಕೆ ಎಲ್ಲರೂ ಜಗಲಿಯಲ್ಲಿ ಊಟಕ್ಕೆ ಕೂತಿದ್ದರು. ರಾಯರು ಎಲೆಯ ಮುಂದಿನಿಂದ ಏಳದೆ, "ಈ ಮಂಗ ಹಾರದಿದ್ರೆ ಇನ್ನೂ ಹತ್ತು ವರ್ಷಕ್ಕೆ ತೊಂದರೆ ಇರ್ಲಿಲ್ಲ" ಎಂದು ಮಜ್ಜಿಗೆ ಹಾಕಿಸಿಕೊಂಡರು.

ಮಗ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದ. ಅಪ್ಪನನ್ನು ಏನೂ ಕೇಳಲಿಲ್ಲ, ಆಚಾರಿಗೆ ಮುಂಗಡ ಕೊಟ್ಟ. ಪಕಾಸು ಇಳಿಸುವಾಗ ಕೆಲವಕ್ಕೆ ಹಗ್ಗ ಕಟ್ಟುವ ಅಗತ್ಯವೇ ಬೀಳಲಿಲ್ಲ, ಹಿಡಿದಲ್ಲಿ ಮುರಿದವು. ಒಂದರೊಳಗೆ ಆಚಾರಿ ಉಳಿ ಇಟ್ಟು ಒತ್ತಿದರೆ ಹಿಡಿಯವರೆಗೂ ಇಳಿಯಿತು. ಎಲ್ಲರೂ ರಾಯರ ಮುಖ ನೋಡಿದರು. "ನೋಡಿದ್ರಾ, ಒಳಗೆ ಏನೂ ಇಲ್ದಿದ್ರೂ ಇಷ್ಟು ವರ್ಷ ನಿಂತಿತ್ತು. ಹಳೇ ಕಾಲದ ಕೆಲಸ ಅಂದ್ರೆ ಅದು!"

ಭರಣಿಯ ಹೊತ್ತಿಗೆ ಹೊಸ ಮಾಡು ಎದ್ದಿತು, ಕಬ್ಬಿಣದ ಪೈಪಿನ ಮೇಲೆ ಹೊಸ ಹೆಂಚು. ಹಳೇ ಹೆಂಚನ್ನೇ ಆರಿಸಿ ಹಾಕೋಣವೆಂದು ಆಚಾರಿ ಹೇಳಿದ್ದ. ರಾಯರೇ ಬೇಡವೆಂದರು, ಪೈಪಿನ ಮೇಲೆ ಅಜ್ಜನ ಹೆಂಚು ಕೂರಿಸಲು ಅವರಿಗೆ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಅದಕ್ಕೆ ಗಿರಾಕಿಯೂ ಬಂದ. ಯಾವುದೋ ರೆಸಾರ್ಟಿನವನು, ಹಳೇ ಹೆಂಚಿಗೆ ಹೊಸದರ ರೇಟೇ ಕೊಡುತ್ತೇನೆಂದ. ರಾಯರು ಅವನಿಗೆ ಕಾಫಿ ಕೊಡಿಸಿ, 1865 ತೋರಿಸಿ, ಎತ್ತಿನ ಹೆಸರು ಹೇಳಿ, ಬರಿಗೈಯಲ್ಲಿ ಕಳಿಸಿದರು. ಹೆಂಚನ್ನೆಲ್ಲ ಕೊಟ್ಟಿಗೆಯ ಹಿಂದೆ ಸಾಲಾಗಿ ಅಟ್ಟಿ ಹಾಕಿಸಿದರು. ಮಾರನೇ ದಿನ ತಾವೇ ತೀರ್ಥಹಳ್ಳಿಗೆ ಹೋಗಿ ದಪ್ಪನೆಯ ಹೊಸ ಟಾರ್ಪಾಲು ತಂದರು. ಅಟ್ಟಿಯ ಮೇಲೆ ಎಳೆದು, ಸುತ್ತ ಹಗ್ಗ ಬಿಗಿದು, ನಾಲ್ಕು ಮೂಲೆಗೂ ಕಲ್ಲು ಹೇರಿದರು.

ಹೆಂಡತಿ ಸೊಂಟಕ್ಕೆ ಕೈಕೊಟ್ಟು ನೋಡುತ್ತ ನಿಂತಿದ್ದರು. "ಹೆಂಚಿಗೆ ಯಾಕೆ ಟಾರ್ಪಾಲು?"

"ಮತ್ತೆ? ಮಳೆ ತಾಗಿದ್ರೆ ಹಾಳಾಗಲ್ವೇ?" ಎಂದರು ರಾಯರು.