ಕೋಗಳಿ ಐನೂರೊಂದು

ಹಳೆಯ ಶಾಸನಗಳಲ್ಲಿ ನಮ್ಮ ಸೀಮೆಗೆ ಕೋಗಳಿ ಐನೂರು ಎಂಬ ಹೆಸರಿದೆ. ನೊಳಂಬವಾಡಿ ಮೂವತ್ತೆರಡು ಸಾವಿರದೊಳಗಿನ ನಾಡು ಅದು. ಇವತ್ತಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿನ ಊರುಗಳು ಅದರ ಲೆಕ್ಕಕ್ಕೆ ಬರುತ್ತವೆ. ಶಾಸನ ಕೆತ್ತಿದವರಿಗೆ ಗೊತ್ತಿರದ ಒಂದು ಊರು ಈಚೆಗೆ ಈ ನಾಡಿಗೆ ಸೇರಿಕೊಂಡಿದೆ. ಅದು ಸಿಂಗಾಪುರ. ಸೇರಿಸಿದವನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಎಂಬಿಎ ಓದುವ ನಮ್ಮ ಹುಡುಗ. ಅರಸರು ತಲೆಮಾರುಗಟ್ಟಲೆ ಕಾದಾಡಿ ಊರು ಗೆಲ್ಲುತ್ತಿದ್ದರು. ಇವನಿಗೆ ಒಂದು ವಾರ ಸಾಕಾಯಿತು.

ಅವನು ಐದೂ ತಾಲ್ಲೂಕುಗಳಲ್ಲಿ ಸಿಗುತ್ತಾನೆ. ಲೆಕ್ಕಕ್ಕೆ ಕೊಟ್ಟೂರಿನವನೆಂದು ಇಟ್ಟುಕೊಳ್ಳೋಣ. ಊರು ಅವನಿಗೆ ಸಿಂಗಾಪುರಪ್ಪ ಎಂದು ನಾಮಕರಣ ಮಾಡಿ ಮುಗಿಸಿದೆ. ನಗೆಬರಹದ ಬೀಚಿ ಹುಟ್ಟಿದ ಹರಪನಹಳ್ಳಿ ಕೂಗಳತೆಯಲ್ಲೇ ಇರುವಾಗ ಇಂಥವರನ್ನು ಅಡ್ಡಹೆಸರಿಲ್ಲದೆ ಬಿಡುವುದುಂಟೇ? ಗುರುತಿಸುವುದು ಸುಲಭ. ಬಸ್ ಸ್ಟ್ಯಾಂಡಿನಲ್ಲಿ ಇಳಿದವನ ಬ್ಯಾಗಿನ ಹಿಡಿಕೆಗೆ ವಿಮಾನದ ಬಿಳಿ ಪಟ್ಟಿ ಇನ್ನೂ ಸುತ್ತಿಕೊಂಡಿದ್ದರೆ, ಅದೂ ಮಾಸಿ ಹರಿದು ಸೆಲ್ಲೋಟೇಪಿನ ಆಸರೆಯಲ್ಲಿ ಉಸಿರು ಹಿಡಿದುಕೊಂಡಿದ್ದರೆ, ಅವನೇ. ಅನುಮಾನವಿದ್ದರೆ ಗಂಟೆ ಎಷ್ಟೆಂದು ಕೇಳಿ. ‘ಸಿಂಗಾಪುರದಾಗ ಈಗ ಏಳೂವರೆ’ ಎಂದು ಶುರುಮಾಡಿ, ಅದರಲ್ಲಿ ಎರಡೂವರೆ ಗಂಟೆ ಕಳೆದು, ಕೊನೆಗೆ ‘ಐದು’ ಎನ್ನುತ್ತಾನೆ. ಅಷ್ಟರಲ್ಲಿ ನಿಮ್ಮ ಹರಪನಹಳ್ಳಿ ಬಸ್ಸು ಹೋಗಿರುತ್ತದೆ.

ಪ್ರವಾಸದ ಹುಟ್ಟು ಹೀಗೆ. ಎರಡನೆಯ ಸೆಮಿಸ್ಟರಿನಲ್ಲಿ ಕಾಲೇಜು ಒಂದು ಬಣ್ಣದ ಕಾಗದ ಹಂಚಿತು. ವ್ಯಾಪಾರ ಸಂಸ್ಥೆಗಳನ್ನೂ ಸೇವಾಸಂಸ್ಥೆಗಳನ್ನೂ ನಡೆಸುವ ವಿದ್ಯೆಯನ್ನು ಸಿಂಗಾಪುರ, ಮಲೇಷಿಯಾಗಳಲ್ಲಿ ಕಣ್ಣಾರೆ ಕಂಡು ಬರುವ ‘ಸ್ಟಡಿ ಟೂರ್’. ಹೋಗುವುದು ಕಡ್ಡಾಯವಲ್ಲ, ಹೋಗದವರು ಹತ್ತು ಸಾವಿರ ಪದಗಳ ಪ್ರಬಂಧ ಬರೆಯಬೇಕು. ಹತ್ತು ಸಾವಿರ ಪದ ಬರೆಯುವುದಕ್ಕಿಂತ ಸಮುದ್ರ ದಾಟುವುದೇ ಸುಲಭವೆಂದು ಇಡೀ ತರಗತಿ ಒಮ್ಮತಕ್ಕೆ ಬಂತು.

ಅವನು ಅಪ್ಪನೆದುರು ವಿಷಯ ಇಟ್ಟ.

‘ಏನ್ ಕಲಿಯಾಕ ಹೋಗ್ತೀಯಪಾ ಅಲ್ಲಿ?’

‘ಲಾಭ ಇಲ್ಲದ ಸಂಸ್ಥೆ ಹೆಂಗ ನಡಸಾದು ಅಂತ, ಅಪ್ಪಾಜಿ.’

‘ಅದಕ್ಕ ಸಿಂಗಾಪುರಕ್ಕ ಯಾಕ ಹೋಗ್ಬೇಕು? ನಮ್ಮ ಶೇಂಗಾ ಹೊಲಕ್ಕ ಬಾ. ಇಷ್ಟು ವರ್ಷ ಅದನ್ನ ನಡಸಾಕತ್ತೀನಿ.’

ಅಪ್ಪ ಕೈಚೆಲ್ಲಿದ ಮೇಲೆ ಅವ್ವ ಎದ್ದಳು. ಓಣಿಯ ಮಹಿಳಾ ಸಂಘಕ್ಕೆ ಅವಳೇ ಪ್ರತಿನಿಧಿ. ಸರ್ಕಾರದ ಸ್ತ್ರೀಶಕ್ತಿ ಯೋಜನೆ 2000ನೇ ಇಸವಿಯಲ್ಲಿ ಶುರುವಾದ ಮೇಲೆ ನಮ್ಮ ಕಡೆ ಸಂಘವಿಲ್ಲದ ಓಣಿ ಹುಡುಕುವುದು ಕಷ್ಟ. ಸಾಲ ಎದ್ದಿತು. ಆದರೆ ಸಂಘದ ಪುಸ್ತಕದಲ್ಲಿ ‘ವಿದೇಶ ಪ್ರವಾಸ’ ಎಂಬ ಖಾನೆ ಇರಲಿಲ್ಲ. ಹೈನುಗಾರಿಕೆ ಇತ್ತು. ಹಾಗಾಗಿ ನಮ್ಮ ಹುಡುಗ ಕಾಗದಪತ್ರದಲ್ಲಿ ಒಂದು ಮುರ್ರಾ ಎಮ್ಮೆಯಾಗಿ, ಓಣಿಯ ಹೆಣ್ಣುಮಕ್ಕಳೆಲ್ಲರ ಜಾಮೀನಿನ ಮೇಲೆ ವಿಮಾನ ಹತ್ತಿದ.

ಹತ್ತುವ ಮೊದಲು ಪಾಸ್‌ಪೋರ್ಟಿನ ಪರಿಶೀಲನೆಗೆ ಪೊಲೀಸರು ಮನೆಗೆ ಬಂದದ್ದು ಬೇರೆಯೇ ಪ್ರಸಂಗ. ಟೋಪಿ ಕಂಡ ಕೂಡಲೇ ಓಣಿ ಮೂರು ಕಥೆ ಕಟ್ಟಿತು. ಒಂದರಲ್ಲಿ ಹುಡುಗಿ ಇದ್ದಳು, ಇನ್ನೊಂದರಲ್ಲಿ ಇಸ್ಪೀಟು ಇತ್ತು, ಮೂರನೆಯದರಲ್ಲಿ ಎರಡೂ ಇದ್ದವು. ‘ಸಿಂಗಾಪುರಕ್ಕ ಹೊಂಟಾನ’ ಎಂದು ಅವ್ವ ಹೇಳಿದ್ದನ್ನು ಯಾರೂ ನಂಬಲಿಲ್ಲ. ಅದು ಮೂರೂ ಕಥೆಗಳಿಗಿಂತ ಸಪ್ಪೆಯಾಗಿತ್ತು.

ಹೊರಟವನ ಬ್ಯಾಗಿನಲ್ಲಿ ಕೋಟು ಪ್ಯಾಂಟಿಗಿಂತ ಖಡಕ್ ರೊಟ್ಟಿ ಹೆಚ್ಚಿತ್ತು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕೆಂಪು ಖಾರ, ಒಂದು ಡಬ್ಬಿ ಉಂಡಿ. ಅಲ್ಲಿ ಮೊದಲ ದಿನದ ಅಧ್ಯಯನ ಚಾಂಗಿ ವಿಮಾನ ನಿಲ್ದಾಣದ ಒಳಗಿನ ನಲವತ್ತು ಮೀಟರ್ ಎತ್ತರದ ಜಲಪಾತದೆದುರು ನಡೆಯಿತು. ಎಲ್ಲರೂ ಅದಕ್ಕೆ ಬೆನ್ನು ತಿರುಗಿಸಿ, ಫೋನಿನ ಕಡೆ ಮುಖ ಮಾಡಿ ಅಧ್ಯಯನ ಮಾಡಿದರು. ಎರಡನೆಯ ದಿನ ಸಿಂಹದ ತಲೆಗೆ ಮೀನಿನ ಬಾಲವಿರುವ ಮೆರ್ಲಯನ್ ಪ್ರತಿಮೆಯೆದುರು ಅದೇ ಭಂಗಿಯ ಅಧ್ಯಯನ. ಮೂರನೆಯ ದಿನ ಒಂದು ಕಾರ್ಖಾನೆಯ ಕಾನ್ಫರೆನ್ಸ್ ರೂಮು ನೋಡಿದರು. ಕಾರ್ಖಾನೆ ಪಕ್ಕದ ಕಟ್ಟಡದಲ್ಲಿತ್ತು. ಸೇವಾಸಂಸ್ಥೆಗೆ ಮೀಸಲಿಟ್ಟದ್ದು ಎರಡು ಗಂಟೆ. ಅದರಲ್ಲಿ ಒಂದು ಗಂಟೆ ಬ್ಯಾನರು ನೆಟ್ಟಗೆ ಹಿಡಿಯುವುದಕ್ಕೆ ಹೋಯಿತು. ಅಲ್ಲಿ ಏನು ಕಂಡೆ ಎಂದು ಈಗ ಕೇಳಿದರೆ ‘ಎಸಿ ಭಾಳ ಚಲೋ ಇತ್ತು’ ಎನ್ನುತ್ತಾನೆ. ಉಳಿದ ದಿನಗಳ ಪಾಠವೆಲ್ಲ ಮುಸ್ತಫಾ ಸೆಂಟರಿನಲ್ಲಿ, ಚಾಕೊಲೇಟು ಕಿಲೋ ಲೆಕ್ಕದಲ್ಲಿ ನಡೆಯಿತು.

ಹೋಗಿ ಬಂದವನು ಮೊದಲು ಮಾಡಿದ ಕೆಲಸ ಊರಿಗೆ ಬುದ್ಧಿ ಹೇಳುವುದು. ಅವನ ಮಾತೆಲ್ಲ ‘ಅಲ್ಲೇನ್ ಗೊತ್ತೇನು’ ಎಂಬಲ್ಲಿಂದ ಹೊರಡುತ್ತದೆ. ಅಲ್ಲೇನ್ ಗೊತ್ತೇನು, 1992ರಿಂದ ಚೂಯಿಂಗ್ ಗಮ್ ಬ್ಯಾನು. ಎಲೆ ಅಡಿಕೆ ಮೆಲ್ಲುತ್ತಿದ್ದ ಅಜ್ಜ ಗಾಬರಿಯಿಂದ ಸಂಚಿ ಮುಚ್ಚಿದ. ಅಲ್ಲೇನ್ ಗೊತ್ತೇನು, ಬಳಸಿದ ನೀರನ್ನೇ ಸೋಸಿ ಸೋಸಿ ಮತ್ತೆ ಬಳಸುತ್ತಾರೆ, ನ್ಯೂವಾಟರ್ ಅಂತ ಅದಕ್ಕೆ ಹೆಸರು. ‘ನಮ್ಮ ಬಚ್ಚಲ ನೀರು ಕರಿಬೇವಿಗೆ ಹೊಕ್ಕತಿ, ಅದಕ್ಕ ಹೆಸರಿಟ್ಟಿಲ್ಲ ನೋಡು’ ಎಂದಳು ಅವ್ವ. ಮಲೇಷಿಯಾದ ಬಾಟು ಗುಹೆಗೆ 272 ಮೆಟ್ಟಿಲು, ಒಂದೇ ಉಸಿರಿಗೆ ಹತ್ತಿದೆ ಎಂದಾಗ ಅಜ್ಜಿ ಎದ್ದು ಕೂತಳು. ‘ಹೋದ ವರ್ಷ ಉಚ್ಚೆಂಗೆವ್ವನ ಗುಡ್ಡ ಹತ್ತಲೇ ಅಂದ್ರ ಮಣಕಾಲು ಹಿಡಕೊಂಡು ಕುಂತಿದ್ದೆಲ್ಲೋ!’

ಗೆಳೆಯರ ಬಳಗದಲ್ಲೂ ಅವನ ವ್ಯಾಪಾರ ಕುದುರಲಿಲ್ಲ. ಸಿಂಗಾಪುರದ ಪಕ್ಷಿಧಾಮಕ್ಕೆ ಇಷ್ಟು ಡಾಲರ್ ಟಿಕೆಟ್ ಎಂದ. ಹಗರಿಬೊಮ್ಮನಹಳ್ಳಿಯ ಗೆಳೆಯ, ‘ನಮ್ಮ ಅಂಕಸಮುದ್ರದ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರೈತಿ, ಅಲ್ಲಿ ಹಕ್ಕಿಗಳು ತಾವೇ ಬಂದು ನಿನ್ನ ನೋಡಿ ಹೊಕ್ಕಾವು’ ಎಂದ. ಒಂದೇ ವಾರದಲ್ಲಿ ಎರಡು ದೇಶ ಸುತ್ತಿದೆ ಎಂದ. ಹರಪನಹಳ್ಳಿಯ ಗೆಳೆಯ ನಕ್ಕುಬಿಟ್ಟ. ಅವರ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿದೆ. ‘ನಮ್ಮಪ್ಪ ಕಟ್ಟಿ ಮ್ಯಾಲಿಂದ ಏಳದ ಮೂರು ಜಿಲ್ಲಾ ತಿರುಗ್ಯಾನ. ಪಾಸ್‌ಪೋರ್ಟೂ ಬೇಕಾಗಲಿಲ್ಲ.’ ಸಿಂಗಾಪುರ ದೊಡ್ಡ ದೇಶ ಬಿಡಪಾ ಎಂದು ಯಾರೋ ಸಮಾಧಾನಕ್ಕೆ ಹೇಳಿದರು. ಫೋನಿನಲ್ಲಿ ನೋಡಿದರೆ ಇಡೀ ದೇಶ ಸುಮಾರು 730 ಚದರ ಕಿಲೋಮೀಟರ್. ಹರಪನಹಳ್ಳಿ ತಾಲ್ಲೂಕೇ ಅದಕ್ಕಿಂತ ದೊಡ್ಡದು. ಗೆಳೆಯ ಮತ್ತೊಮ್ಮೆ ನಕ್ಕ.

ಆದರೆ ಎಂಬಿಎ ಓದಿದವನು ಅಷ್ಟಕ್ಕೆ ಬಗ್ಗುವುದಿಲ್ಲ. ಸಿಂಗಾಪುರ ತನ್ನ ಬೀದಿಬದಿ ತಿಂಡಿಯವರಿಗೆ ಸೂರು ಕಟ್ಟಿಕೊಟ್ಟು ಹಾಕರ್ ಸೆಂಟರ್ ಮಾಡಿತು, ಆ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಇದು ನಿಜಕ್ಕೂ ತಿಳಿಯಬೇಕಾದ ಸಂಗತಿ, ಅವನು ತಿಳಿದುಕೊಂಡೂ ಬಂದಿದ್ದ. ಕೆಟ್ಟದ್ದು ಅದನ್ನು ನೇರವಾಗಿ ಬಸ್ ಸ್ಟ್ಯಾಂಡಿನ ಮಂಡಕ್ಕಿ ಮಿರ್ಚಿ ಅಂಗಡಿಗೆ ಒಯ್ದದ್ದರಿಂದ. ‘ಕಾಕಾ, ಗಿರಾಕಿಗಳನ್ನ ಕ್ಯೂ ನಿಲ್ಲಿಸ್ಬೇಕು, ಟೋಕನ್ ಕೊಡ್ಬೇಕು, ಫೀಡ್‌ಬ್ಯಾಕ್ ತಗೋಬೇಕು.’

ಕಾಕಾ ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. ಎಡಗೈಯಲ್ಲಿ ಮಂಡಕ್ಕಿ ಕಲೆಸುತ್ತ, ಬಲಗೈಯಲ್ಲಿ ಮಿರ್ಚಿ ತಿರುವುತ್ತ, ಯಾರಿಗೆ ಖಾರ ಬೇಕು, ಯಾರಿಗೆ ಈರುಳ್ಳಿ ಬೇಡ, ಯಾರದು ಮೊನ್ನೆಯ ಹತ್ತು ರೂಪಾಯಿ ಬಾಕಿ ಎಂಬುದನ್ನೆಲ್ಲ ಬಾಯಲ್ಲೇ ಒಪ್ಪಿಸುತ್ತ ಹೇಳಿದರು: ‘ತಮ್ಮಾ, ಸಾಲು ನಿಂತ್ರ ಮಿರ್ಚಿ ಆರ್ತಾವು. ಆರಿದ ಮಿರ್ಚಿ ತಿಂದೋರು ಫೀಡ್‌ಬ್ಯಾಕ್ ಕೊಡಂಗಿಲ್ಲ, ಬೈತಾರ.’

ಮುಂದಿನ ಹಂತ ಸನ್ಮಾನ. ಹಳೆಯ ಶಾಲೆಯಲ್ಲಿ ಶಾಲು, ಹಾರ, ಹಡಗಲಿ ಮಲ್ಲಿಗೆಯ ದಿಂಡು. ಅರವತ್ತು ಸ್ಲೈಡುಗಳ ಭಾಷಣಕ್ಕೆ ನಿಂತು ‘ಗುಡ್ ಮಾರ್ನಿಂಗ್’ ಎಂದ. ಮಕ್ಕಳು ಗದ್ದಲ ಮಾಡಿದರು. ‘ಸೈಲೆನ್ಸ್’ ಎಂದ. ಇನ್ನಷ್ಟು ಮಾಡಿದರು. ಹಿಂದಿನ ಸಾಲಿನಲ್ಲಿದ್ದ ಮುಖ್ಯೋಪಾಧ್ಯಾಯರಿಗೆ ಮೈಲಾರ ನೆನಪಾಗಿರಬೇಕು. ಅಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಡೆಂಕನ ಮರಡಿಯಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಉಪವಾಸವಿದ್ದ ಗೊರವಯ್ಯ ಬಿಲ್ಲು ಏರಿ ‘ಸದ್ದಲೇ’ ಎಂದರೆ ಆ ಲಕ್ಷ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ನುಡಿಯುವುದು ಒಂದೇ ಸಾಲಿನ ಕಾರಣಿಕ. ಅದರಲ್ಲೇ ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಜನ ವರ್ಷವಿಡೀ ಹುಡುಕಿಕೊಳ್ಳುತ್ತಾರೆ. ನುಡಿದು ಮೇಲಿಂದ ಬೀಳುವವನನ್ನು ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ನಮ್ಮ ಸಿಂಗಾಪುರಪ್ಪ ಅರವತ್ತನೆಯ ಸ್ಲೈಡಿಗೆ ಬಂದಾಗ ಹಿಡಿದುಕೊಳ್ಳಲು ಸಭೆಯಲ್ಲಿ ಯಾರೂ ಉಳಿದಿರಲಿಲ್ಲ.

ಅತಿ ಕಠಿಣ ಪರೀಕ್ಷೆ ನಡೆದದ್ದು ಮನೆಯ ಪಡಸಾಲೆಯಲ್ಲಿ. ಆ ವಾರದ ಸಂಘದ ಸಭೆ ಅಲ್ಲೇ ಇತ್ತು. ಹೆಣ್ಣುಮಕ್ಕಳು ಕೂತೊಡನೆ ಒಬ್ಬ ಚಿಗವ್ವ ಕೇಳಿದಳು, ‘ಎಮ್ಮಿ ಹೆಂಗೈತಿ?’ ಇನ್ನೊಬ್ಬಳು, ‘ಬಂದೈತಂತ ಬಿಡು, ಹಿಂಡಾಕ ಇನ್ನೂ ಕುಂತಿಲ್ಲ’ ಎಂದಳು. ಮಾನ ಉಳಿಸಿಕೊಳ್ಳಲು ಅವನು ಮೈಕ್ರೊಫೈನಾನ್ಸ್ ಬಗ್ಗೆ ಉಪನ್ಯಾಸ ತೆಗೆದ. ಬಾಂಗ್ಲಾದೇಶದ ಯೂನುಸ್, 1983ರ ಗ್ರಾಮೀಣ ಬ್ಯಾಂಕು, 2006ರ ನೊಬೆಲ್ ಪ್ರಶಸ್ತಿ, ಗುಂಪಿನ ಹೊಣೆಗಾರಿಕೆ. ಎಲ್ಲರೂ ಶ್ರದ್ಧೆಯಿಂದ ಕೇಳಿದರು. ಆಮೇಲೆ ಓದು ಬರದ ಒಬ್ಬ ಅಜ್ಜಿ ಕೇಳಿದಳು: ‘ಕಂತು ಕಟ್ಟಾಕಿ ಗಂಡ ಸತ್ತು ಮೂರು ದಿನ ಆಗೈತಿ. ಆ ವಾರದ ಕಂತು ಕೇಳಬೇಕೋ ಬ್ಯಾಡೋ? ನಿಮ್ಮ ಪುಸ್ತಕದಾಗ ಏನಂತಾರ?’

ಅವನ ಪುಸ್ತಕದಲ್ಲಿ ಏನೂ ಅನ್ನುತ್ತಿರಲಿಲ್ಲ. ಸಂಘದವರು ಮಾತ್ರ ಮೊದಲೇ ತೀರ್ಮಾನಿಸಿದ್ದರು. ತಲಾ ಇಷ್ಟೆಂದು ಹಾಕಿ ಆಕೆಯ ಕಂತು ತುಂಬಿ, ಪುಸ್ತಕದಲ್ಲಿ ಆಕೆಯ ಹೆಸರಿಗೇ ಬರೆದು, ಆಕೆಗೆ ಹೇಳದೆ ಎದ್ದರು.

ಇಂಥ ವಿದ್ಯೆ ಈ ಸೀಮೆಯಲ್ಲಿ ಹೆಜ್ಜೆಗೊಂದರಂತೆ ಬಿದ್ದಿದೆ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ, ಹರಿಹರ, ರಾಣೆಬೆನ್ನೂರು ಕಡೆಗಳಿಂದ ಜನ ನಡೆದೇ ಬರುತ್ತಾರೆ. ದಾರಿಯುದ್ದಕ್ಕೂ ಅವರಿಗೆ ಮಜ್ಜಿಗೆ, ಊಟ, ನೋಯುವ ಕಾಲಿಗೆ ಮುಲಾಮು. ಕರಪತ್ರವಿಲ್ಲ, ಕಚೇರಿಯಿಲ್ಲ, ಆದರೂ ಅನ್ನ ಕಡಿಮೆ ಬೀಳುವುದಿಲ್ಲ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿ ಕಡೆಯ ತಾಂಡಾಗಳಿಂದ ಜನ ಗುಳೆ ಹೊರಡುತ್ತಾರೆ. ಮಂಡ್ಯದ ಕಬ್ಬಿಗೆ, ಚಿಕ್ಕಮಗಳೂರು, ಕೊಡಗಿನ ಕಾಫಿಗೆ, ಬೆಂಗಳೂರಿನ ಕಟ್ಟಡಕ್ಕೆ. ಮುಂಗಡ, ಲಾರಿ, ಗುಡಿಸಲು, ಮುದುಕರು, ಎಳೆಗೂಸು, ಗದ್ದೆಯ ಮಾಲೀಕನ ಸಿಟ್ಟು, ವಾರದ ಬಟವಾಡೆ ಎಲ್ಲವನ್ನೂ ತೂಗಿಸುವ ಮೇಸ್ತ್ರಿಯ ತಲೆಯನ್ನು ಯಾವ ಕಾಲೇಜೂ ಸಿಲೆಬಸ್ಸಿಗೆ ಹಾಕಿಕೊಂಡಿಲ್ಲ. ಅವರು ತಿಂಗಳುಗಟ್ಟಲೆ ಹೋಗಿ ಬರುತ್ತಾರೆ. ಶಾಲು ಹೊದಿಸಿದವರಿಲ್ಲ. ಬ್ಯಾಗಿನ ಪಟ್ಟಿಯನ್ನು ಕಾಪಾಡಿಕೊಳ್ಳುವುದಕ್ಕೆ ಅವರಿಗೆ ಬ್ಯಾಗೂ ಇರುವುದಿಲ್ಲ.

ನಮ್ಮ ಕಡೆ ಒಂದು ಗಾದೆಯಿದೆ: ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು. ಹಂಪಿಯ ಸೊಬಗು ಬಯಲಲ್ಲಿ ಹರಡಿದೆ, ಉಜ್ಜಿನಿ ಗುಡಿಯ ಕೆತ್ತನೆ ಕಾಣಬೇಕಾದರೆ ಒಳಗೆ ಹೋಗಿ ಕತ್ತೆತ್ತಬೇಕು. ಸಿಂಗಾಪುರಪ್ಪ ಸಿಂಗಾಪುರವನ್ನು ಹಂಪಿಯಂತೆ ಹೊರಗಿಂದ ನೋಡಿದ, ಅದು ಒಂದು ವಾರದ ಮಿತಿ, ಕ್ಷಮಿಸೋಣ. ಇಪ್ಪತ್ತೆರಡು ವರ್ಷ ಇದ್ದ ತನ್ನ ಮನೆಯ ಪಡಸಾಲೆಯನ್ನೂ ಹೊರಗಿಂದಲೇ ನೋಡಿದ್ದಕ್ಕೆ ಮಾತ್ರ ಅಂಕ ಕಡಿಯಬೇಕು.

ಆದರೂ ಅವನು ಕೆಟ್ಟವನಲ್ಲ. ಮುಂಚೆ ರಸ್ತೆಗೆ ಎಸೆಯುತ್ತಿದ್ದ ಚೀಟಿಯನ್ನು ಈಗ ಜೇಬಿಗಿಳಿಸುತ್ತಾನೆ. ಕಸದ ಬುಟ್ಟಿ ಸಿಗದೆ ಆ ಜೇಬು ತಿಂಗಳಿಂದ ಉಬ್ಬಿದೆ. ಅಷ್ಟರ ಮಟ್ಟಿಗೆ ಸಾಲ ವಸೂಲಿ. ನಿಮ್ಮ ಮನೆಯಲ್ಲೂ ಒಬ್ಬ ಹೊರಟಿದ್ದರೆ ತಡೆಯಬೇಡಿ. ಸಮುದ್ರದಾಚೆ ಕಲಿಯುವುದು ಬೇಕಾದಷ್ಟಿದೆ. ರೊಟ್ಟಿ ಕಟ್ಟಿಕೊಡಿ, ಹರಸಿ ಕಳಿಸಿ. ಹೋಗುವ ಮೊದಲು ಒಂದು ವಾರ ಅವ್ವನ ಸಂಘದ ಲೆಕ್ಕದ ಪುಸ್ತಕ ಅವನ ಕೈಯಲ್ಲಿ ಬರೆಸಿ. ಬಂದ ಮೇಲೆ ಕಂತನ್ನೂ ಅವನ ಕೈಯಿಂದಲೇ ಕಟ್ಟಿಸಿ.