ಮರಣ ನೋಂದಣಿ ಪುಸ್ತಕದ ಸನ್ನಿಧಾನಕ್ಕೆ

ಪುಣೆಯ ಹಳೇ ಕಚೇರಿಯೊಂದರ ಕಪಾಟಿನಲ್ಲಿ ವಿರಾಜಮಾನರಾದ 1961ರ ಮರಣ ನೋಂದಣಿ ಪುಸ್ತಕದವರಿಗೆ ಇಂಡಿ ತಾಲ್ಲೂಕಿನವನೊಬ್ಬನ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ತಮ್ಮ ಕ್ಷೇಮಸಮಾಚಾರ ಗೆದ್ದಲುಗಳಿಂದ ತಿಳಿದು ಸಂತೋಷವಾಯಿತು.

ನಮ್ಮಜ್ಜನ ಸಾವಿನ ಬಗ್ಗೆ ಒಂದೇ ಒಂದು ಸಾಲು ಬೇಡಲು ಬಂದಿದ್ದೆ. ತಮ್ಮ ಸೇವಕರು ಬಲು ವಿನಯದಿಂದ, ಮರಣದ ದಾಖಲೆ ಹುಡುಕಲು ಮರಣ ಪ್ರಮಾಣಪತ್ರದ ನಕಲು ಕೇಳಿದರು. ಅದು ನನ್ನ ಬಳಿ ಇದ್ದಿದ್ದರೆ ತಮ್ಮ ದರ್ಶನಭಾಗ್ಯವೇ ತಪ್ಪುತ್ತಿತ್ತು, ಉಪಕಾರ ಮರೆಯಲಾರೆ. ರೇಷನ್ ಕಾರ್ಡು, ಬಾಡಿಗೆ ಚೀಟಿಯಾದರೂ ತನ್ನಿ ಎಂದರು. ಅವಿದ್ದದ್ದು ಅಜ್ಜನ ಟ್ರಂಕಿನಲ್ಲಿ, ಟ್ರಂಕು ಇದ್ದದ್ದು ಮುಠಾ ಹೊಳೆಯ ಹತ್ತಿರ ನಾರಾಯಣ ಪೇಟೆಯ ವಾಡೆಯಲ್ಲಿ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕ್‌ವಾಸ್ಲಾವೂ ಒಡೆದಾಗ, ಹೊಳೆ ಯಾರ ಕಾಗದಪತ್ರವನ್ನೂ ಕೇಳದೆ ಒಳಗೆ ನುಗ್ಗಿತು. ತಮ್ಮಷ್ಟು ಶಿಸ್ತು ಅದಕ್ಕೆಲ್ಲಿಂದ ಬರಬೇಕು?

ಕೊನೆಗೂ ತಾವು ಕರುಣೆಯಿಂದ ಜುಲೈ ತಿಂಗಳ ಪುಟ ತೆರೆದಿರಿ. ಅಂಚುಗಳು ಅಂಟಿಕೊಂಡು, ನೀಲಿ ಶಾಯಿ ಹಿಂಬದಿಗೂ ಇಳಿದಿತ್ತು. ‘ಗುರುತು ಸಿಗದ ಗಂಡಸು, ವಯಸ್ಸು ಸುಮಾರು 40’ ಎಂದು ಮರಾಠಿಯಲ್ಲಿ ಬರೆದು, ಕೆಳಗಿನ ಸಾಲಿಗೆ ಬರೀ ‘ಮೇಲಿನಂತೆ’ ಗುರುತು ಹಾಕಿದ್ದರು. ಅಜ್ಜನಿಗೆ ಆಗ 41. ಬೆರಳಿಟ್ಟೆ. ‘ಕೈ ತೆಗೀರಿ, ಪುಸ್ತಕ ಹಾಳಾಗ್ತದ’ ಎಂದರು. ತಮ್ಮ ಆರೋಗ್ಯದ ಬಗ್ಗೆ ಅಷ್ಟು ಕಾಳಜಿ!

ಕಾರಣದ ಕಾಲಮ್ಮಿನಲ್ಲಿ ತಾವು ತೋರಿದ ಮಿತಭಾಷೆಗಂತೂ ತಲೆಬಾಗುತ್ತೇನೆ: ‘ನೀರಲ್ಲಿ ಮುಳುಗಿ, ಆಕಸ್ಮಿಕ’. ಕೆಲಸ ಮುಗಿಯುವ ಮೊದಲೇ ನೀರು ತುಂಬಿಕೊಂಡ ಮಣ್ಣಿನ ಕಟ್ಟೆ, ಅದರ ತೂಬಿಗೆ ಕಬ್ಬಿಣದ ಸರಳಿಲ್ಲದ ಬರೀ ಕಾಂಕ್ರೀಟು, ಮರಳಿನ ಚೀಲ ಒಟ್ಟಿ ಕಟ್ಟೆ ಉಳಿಸಲು ಹೆಣಗಿದ ಸೈನಿಕರು, ಆಮೇಲೆ ಕೂತ ವಿಚಾರಣಾ ಆಯೋಗ, ಎಲ್ಲವೂ ಅಷ್ಟರಲ್ಲೇ ಅಡಗಿತು.

ಹದ್ದಿನ ವಿಷಯದಲ್ಲೂ ತಾವು ನಿಷ್ಠುರರು. ಹೆಣ ತಮ್ಮ ಸರಹದ್ದು ದಾಟಿ ತೇಲಿದ್ದರೆ ಕೆಳಗಿನ ತಾಲ್ಲೂಕಿನ ಪುಸ್ತಕ ಕೇಳಬೇಕಂತೆ. ಮುಠಾ ಮುಳಾ ನದಿಯನ್ನು ಕೂಡಿ ಭೀಮೆಗೆ ಇಳಿಯುತ್ತದೆ, ಭೀಮೆ ನಮ್ಮೂರ ಹೊಲದ ಬದುವಿಗೇ ಬರುತ್ತಾಳೆ. ಆ ಲೆಕ್ಕದಲ್ಲಿ ನಮ್ಮೂರ ತಲಾಟಿಯ ಪುಸ್ತಕವನ್ನೂ ತಿರುವಿದ್ದಾಯಿತು.

ಹೊಸದಾಗಿ ಬರೆಸೋಣವೆಂದರೆ, ವರ್ಷ ಮೀರಿದ ಸಾವಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕೆನ್ನುತ್ತದೆ 1969ರ ಕಾಯ್ದೆ. ಆದೇಶಕ್ಕೆ ಪುರಾವೆ ಬೇಕು. ಪುರಾವೆ ತಮ್ಮ ಹೊಟ್ಟೆಯಲ್ಲಿದೆ.

ಕಡೆಯದೊಂದು ಪ್ರಾರ್ಥನೆ. ಅಜ್ಜನ ಹೆಸರು ಕೊಡದಿದ್ದರೂ ಸರಿ, ಗುರುತು ಸಿಗದವರ ಆ ಪುಟಗಳ ಫೋಟೊ ತೆಗೆಸಿ, ಯಾರು ಬೇಕಾದರೂ ನೋಡುವಂತೆ ಕಚೇರಿಯ ಹೊರಗೆ ಇಡಿಸಿ. ಅಂದು ವಾಡೆಯಲ್ಲಿದ್ದು ಉಳಿದುಕೊಂಡವರಲ್ಲಿ ಒಂದಿಬ್ಬರು ಇನ್ನೂ ಇದ್ದಾರೆ. ಅವರಿಗೂ ಎಂಬತ್ತು ದಾಟಿದೆ.

ಇಂತಿ ತಮ್ಮ ಆಜ್ಞಾಧಾರಕ,
‘ಮೇಲಿನಂತೆ’ಯವರ ಮೊಮ್ಮಗ