ಸ್ಟ್ಯಾಂಡಿಲ್ಲದ ಸೈಕಲ್ಲೂ ನಮ್ಮ ಸ್ಟ್ಯಾಂಡಣ್ಣನೂ

ಹೊಸಪೇಟೆಯಲ್ಲಿ ಯಾವ ಸೈಕಲ್ ಜಾಥಾ ನಡೆಯಲಿ, ಮತದಾನ ಜಾಗೃತಿಯದಿರಲಿ, ಜೂನ್ 3ರ ವಿಶ್ವ ಸೈಕಲ್ ದಿನದ್ದಿರಲಿ, ಬ್ಯಾನರು ಕಟ್ಟುವವರು ಬರುವ ಮೊದಲೇ ಮೈದಾನಕ್ಕೆ ಒಬ್ಬ ಬಂದಿರುತ್ತಾನೆ. ಕೊರಳಲ್ಲಿ ಪೀಪಿ, ಹೆಗಲ ಮೇಲೆ ಟವೆಲ್ಲು, ಅಂಗಿ ಜೇಬಿನಲ್ಲಿ ಚಾಕ್‌ಪೀಸು, ಬೆರಳಿಗೆ ಸುತ್ತಿಕೊಂಡ ನೂಲಿನ ಉಂಡೆ. ಅವನ ಹೆಸರು ಕೇಳಿದವರು ಕಡಿಮೆ. ಎಲ್ಲರ ಬಾಯಲ್ಲೂ ಅವನು ಸ್ಟ್ಯಾಂಡಣ್ಣ. ಇಂಥವನು ಕಂಪ್ಲಿಯಲ್ಲೊಬ್ಬ, ಸಂಡೂರಿನಲ್ಲೊಬ್ಬ, ಹಂಪಿ ತೇರಿನ ದಿನವಾದರೆ ದಾರಿಯುದ್ದಕ್ಕೂ ಸಿಗುತ್ತಾನೆ. ಮುಖ ಬೇರೆಯಾದರೂ ಗದರುವ ದನಿ ಒಂದೇ: “ಏ ತಮ್ಮಾ, ಹ್ಯಾಂಡಲ್ ಎಡಕ್ಕ ತಿರುವಿ ನಿಂದ್ರಸು!”

ಹ್ಯಾಂಡಲ್ ಎಡಕ್ಕೇ ಯಾಕೆ ಎಂದು ಕೇಳುವಂತಿಲ್ಲ. ಅದು ಅವನ ಸಂವಿಧಾನದ ಮೊದಲನೇ ವಿಧಿ. ಎರಡನೆಯದು, ಅವನು ನಿಲ್ಲಿಸಿದ ಸಾಲಿನಿಂದ ಅವನನ್ನು ಬಿಟ್ಟು ಬೇರೆ ಯಾರೂ ಸೈಕಲ್ ಎಳೆಯಬಾರದು. ಒಂದು ಬಿದ್ದರೆ ನಲವತ್ತು ಬೀಳುತ್ತವೆ; ಆ ನಲವತ್ತರಲ್ಲಿ ಒಂದರ ಪೆಡಲ್ಲನ್ನು ಇನ್ನೊಂದರ ಕಡ್ಡಿಯೊಳಗಿಂದ ಬಿಡಿಸಿ ಎಬ್ಬಿಸುವ ವಿದ್ಯೆ ಅವನೊಬ್ಬನಿಗೇ ಗೊತ್ತು. ಮೂರನೆಯದು ಬಾಯಿಂದ ಬರುವುದಿಲ್ಲ, ಆಚರಣೆಯಲ್ಲಿದೆ. ಐದು ರೂಪಾಯಿ ಉಳಿಸಲು ಹಗ್ಗದ ಆಚೆ ಬೇವಿನ ಮರಕ್ಕೆ ಸೈಕಲ್ ಒರಗಿಸಿ ಹೋದವನು ವಾಪಸ್ ಬಂದಾಗ ಎರಡೂ ಗಾಲಿಯ ಗಾಳಿ ಹೋಗಿರುತ್ತದೆ. “ಬಿಸಿಲಿಗೆ ಹಂಗ ಆಗ್ತೈತಣ್ಣ” ಎನ್ನುತ್ತಾನೆ ಸ್ಟ್ಯಾಂಡಣ್ಣ, ಪಂಪು ಮುಂದಿಡುತ್ತಾ. ಪಂಪಿನ ಬಾಡಿಗೆ ಬೇರೆ.

ಅವನ ವಂಶದ ವೈಭವ ಸಿನಿಮಾ ಟಾಕೀಸುಗಳ ಕಾಲದ್ದು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡುತ್ತಿದ್ದ. ಒಂದೇ ನಂಬರು ಬರೆದ ಎರಡು ತುಂಡು, ಒಂದು ಹ್ಯಾಂಡಲ್ಲಿಗೆ ನೂಲಿನಲ್ಲಿ ಕಟ್ಟಲು, ಇನ್ನೊಂದು ಮಾಲೀಕನ ಕೈಗೆ. ಯಾರದೋ ಮದುವೆಯ ‘ಚಿ.ರಾ.’ ಒಬ್ಬನ ಜೇಬಿಗೆ ಹೋದರೆ ‘ಚಿ.ಸೌ.’ ಇನ್ನೊಬ್ಬನ ಜೇಬಿಗೆ. ಚೀಟಿ ಸಾಲದೆ ಬಂದರೆ ಸೀಟಿನ ಮೇಲೆ ಚಾಕ್‌ಪೀಸಿನಿಂದ ನಂಬರು. ಆಟ ಬಿಟ್ಟ ಮೇಲೆ ಜನ ಅವಸರದಲ್ಲಿ ಒರೆಸದೆ ಹತ್ತುತ್ತಿದ್ದರು. ಆಫೀಸಿಗೆ ಚಕ್ಕರ್ ಹೊಡೆದು ಮ್ಯಾಟಿನಿಗೆ ಹೋದ ಗುಮಾಸ್ತರ ಪ್ಯಾಂಟಿನ ಹಿಂಭಾಗದಲ್ಲಿ 47 ಎಂದು ತಿರುಗುಮುರುಗಾಗಿ ಅಚ್ಚಾಗಿರುತ್ತಿತ್ತು. ಮನೆಯಲ್ಲಿ ಅದನ್ನು ಓದಬಲ್ಲವರು ಇದ್ದೇ ಇರುತ್ತಿದ್ದರು.

ಎಲ್ಲ ಸ್ಟ್ಯಾಂಡುಗಳಲ್ಲೂ ಒಂದು ತಗಡಿನ ಬೋರ್ಡು: ಪಂಪು, ಲೈಟು, ಟಿಫಿನ್ ಕ್ಯಾರಿಯರ್, ಚೀಲ ಕಳೆದರೆ ನಾವು ಜವಾಬ್ದಾರರಲ್ಲ. ಬೋರ್ಡು ಓದಿದರೆ ಇವನು ಯಾವುದಕ್ಕೂ ಜವಾಬ್ದಾರನಲ್ಲ ಅನಿಸುತ್ತದೆ. ಆದರೆ ಟಿಫಿನ್ ಕ್ಯಾರಿಯರ್ ಮರೆತು ಹೋದವನಿಗಾಗಿ ರಾತ್ರಿ ಸೆಕೆಂಡ್ ಶೋ ಮುಗಿಯುವ ತನಕ ಕಾದು, ಅದನ್ನು ತೊಳೆದಿಟ್ಟು, ಜೊತೆಗೆ ಬೈದು ಕಳಿಸುತ್ತಿದ್ದವನೂ ಇವನೇ. ತೊಳೆಯುವ ಮುಂಚೆ ಉಳಿದಿದ್ದ ಚಿತ್ರಾನ್ನದ ಲೆಕ್ಕ ನಾವು ಕೇಳಬಾರದು.

ಇವನ ನೆನಪಿನ ಶಕ್ತಿಗೆ ಸರ್ಕಾರವೇ ಒಂದು ಪರೀಕ್ಷೆ ಇಟ್ಟಿತು. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಶುರುವಾಯಿತಲ್ಲ, ಕೊರೊನಾ ಬಂದು ನಿಲ್ಲುವ ತನಕ ವರ್ಷವರ್ಷವೂ ಹಂಚಿದರು. ಒಂದೇ ಕಂಪನಿ, ಒಂದೇ ಎತ್ತರ, ಒಂದೇ ಬಣ್ಣ. ಜಾಥಾ ಎಂದರೆ ಮೇಷ್ಟ್ರುಗಳು ಹಿಂಡುಹಿಂಡಾಗಿ ಕರೆತರುತ್ತಿದ್ದದ್ದು ಈ ಮಕ್ಕಳನ್ನೇ. ಭಾಷಣ ಮುಗಿದ ಮೇಲೆ ನೂರಾರು ಮಕ್ಕಳು ನೂರಾರು ಅವಳಿ ಸೈಕಲ್ಲಿನ ಮೇಲೆ ಬಿದ್ದರೆ ದೇವರೇ ಗತಿ. ಆದರೆ ಸ್ಟ್ಯಾಂಡಣ್ಣನ ಕಣ್ಣಿಗೆ ಎರಡು ಸೈಕಲ್ಲು ಒಂದೇ ಥರ ಕಂಡದ್ದಿಲ್ಲ. “ಬೆಲ್ಲಿನ ಟೋಪಿ ಇಲ್ಲದ್ದು ನಿಂದು. ಚೈನ್ ಕವರಿನ ಮ್ಯಾಲೆ ಅಪ್ಪು ಫೋಟೋ ಹಚ್ಚಿದ್ದು ಅವಂದು. ಕ್ಯಾರಿಯರಿಗೆ ಮೇವಿನ ಹಗ್ಗ ಐತಲ್ಲ, ಅದು ಕಮಲಾಪುರದ ಹುಡುಗಿದು, ಮುಟ್ಟಬ್ಯಾಡ.” ಸರ್ಕಾರ ಒಂದೇ ಮಾಡಿ ಕೊಟ್ಟದ್ದನ್ನು ಬಳಸಿದವರು ಬೇರೆಬೇರೆ ಮಾಡಿಕೊಂಡಿರುತ್ತಾರೆ ಎಂಬುದು ಅವನ ಇಡೀ ಕಸುಬಿನ ತಳಪಾಯ.

ಸಂಡೂರಿನ ಸ್ಟ್ಯಾಂಡಣ್ಣನ ಕಷ್ಟ ಇದಕ್ಕಿಂತ ಒಂದು ಕೈ ಹೆಚ್ಚು. ಅಲ್ಲಿ ಬಣ್ಣವನ್ನು ನಂಬುವ ಹಾಗೇ ಇಲ್ಲ. ಅದಿರಿನ ಲಾರಿ ಹೋಗುವ ದಾರಿಯಲ್ಲಿ ಬಂದ ಸೈಕಲ್ಲು ಹಸಿರಿರಲಿ, ನೀಲಿಯಿರಲಿ, ಅವನ ಮುಂದೆ ನಿಲ್ಲುವಾಗ ಕೆಂಪಾಗಿರುತ್ತದೆ, ಸವಾರನೂ ಸೇರಿ. ಹೆಬ್ಬೆರಳು ಎಂಜಲು ಮಾಡಿ ಫ್ರೇಮನ್ನು ಒಂದಿಷ್ಟು ಉಜ್ಜಿ, ಒಳಗಿನ ಬಣ್ಣ ನೋಡಿ, ಆಮೇಲೆ ಚೀಟಿ ಬರೆಯುತ್ತಾನೆ. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಬಣ್ಣಗಳೆಲ್ಲ ಮತ್ತೆ ಕಾಣತೊಡಗಿ ಅವನಿಗೇ ಗಲಿಬಿಲಿಯಾಗಿತ್ತಂತೆ. ಕಂಪ್ಲಿಯವನದು ಇನ್ನೊಂದು ಲೆಕ್ಕ. ಅವನ ಸುಗ್ಗಿ ಭತ್ತ ಕೊಯ್ದಾಗ ಅಲ್ಲ, ಜಲಾಶಯದ ಗೇಟು ಎತ್ತಿದಾಗ. ಲಕ್ಷ ದಾಟಿ ಕ್ಯೂಸೆಕ್ ನೀರು ಬಿಟ್ಟರು, ಗಂಗಾವತಿ ಕಡೆಯ ಸೇತುವೆ ಮುಳುಗಿತು ಅಂದರೆ ಸುತ್ತಲಿನ ಹಳ್ಳಿಯೆಲ್ಲ ಹೊಳೆ ನೋಡಲು ಬರುತ್ತದೆ. ಪೊಲೀಸರು ಬ್ಯಾರಿಕೇಡ್ ಹಾಕುವಷ್ಟರಲ್ಲಿ ಇವನು ಕೋಟೆಯ ಹತ್ತಿರ ಹಗ್ಗ ಕಟ್ಟಿರುತ್ತಾನೆ. ಪ್ರವಾಹದ ಮಟ್ಟವನ್ನು ನೀರಾವರಿ ಇಲಾಖೆ ಅಡಿಯಲ್ಲಿ ಅಳೆದರೆ ಇವನು ಚೀಟಿಯಲ್ಲಿ ಅಳೆಯುತ್ತಾನೆ. ಎರಡಕ್ಕೂ ಹೊಂದಾಣಿಕೆಯಾಗುತ್ತದೆ ಎಂದು ಕೇಳಿದ್ದೇನೆ.

ಇಷ್ಟೆಲ್ಲ ಕಂಡವನಿಗೂ ಹೊಸ ಕಾಲದ ಸೈಕಲ್ಲು ತಲೆ ತಿರುಗಿಸಿದೆ. ಈಗ ಭಾನುವಾರ ಬೆಳಿಗ್ಗೆ ಹಂಪಿಯ ಜಾಥಾಗಳಿಗೆ ಬೆಂಗಳೂರಿನಿಂದ ತಂಡಗಳು ಬರುತ್ತವೆ. ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ಬರುತ್ತಾರೆ. “ಸೈಕಲ್ ಹತ್ತಿ ಬರೋರನ್ನ ನೋಡೀನಿ, ಹೊತ್ತು ಬರೋರು ಇವ್ರೇ ಮೊದಲು” ಎಂಬುದು ಸ್ಟ್ಯಾಂಡಣ್ಣನ ಉದ್ಗಾರ. ಒಬ್ಬ ಹುಡುಗ ಹೆಲ್ಮೆಟ್ಟು, ಕಪ್ಪು ಕನ್ನಡಕ, ಮೈಗಂಟಿದ ಚಡ್ಡಿಯಲ್ಲಿ ಇಳಿದು ತನ್ನ ಸೈಕಲ್ಲನ್ನು ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿದ.

“ಯಾಕ್ರೀ ಸರ, ಮಲಗಿಸಿದ್ರಿ? ಸ್ಟ್ಯಾಂಡ್ ಹಾಕ್ರಿ.”

“ಇದಕ್ಕೆ ಸ್ಟ್ಯಾಂಡ್ ಇಲ್ಲ ಅಂಕಲ್.”

“ಮುರಿದೈತೇನು?”

“ಇಲ್ಲ, ಬರೋದೇ ಹಾಗೆ.”

ಸ್ಟ್ಯಾಂಡಣ್ಣ ಒಂದು ಸುತ್ತು ಹಾಕಿದ. ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಮಡ್‌ಗಾರ್ಡಿಲ್ಲ, ಬೆಲ್ಲಿಲ್ಲ. “ಎಷ್ಟು ಬಿತ್ರೀ?” ಎಂದು ಕೇಳಿದ. ಒಂದೂವರೆ ಲಕ್ಷ ಎಂದು ಕೇಳಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಇನ್ನೊಂದು ಮುನ್ನೂರು ಕೊಟ್ಟಿದ್ರ ಸ್ಟ್ಯಾಂಡೂ ಹಾಕಿ ಕೊಡ್ತಿದ್ರಲ್ರೀ” ಎಂದ, ನಿಜವಾದ ಮರುಕದಿಂದ. ತೂಕ ಕಡಿಮೆ ಮಾಡಲು ಹಾಗೆ ಮಾಡುತ್ತಾರೆ ಎಂದು ಹುಡುಗ ವಿವರಿಸಿದ. ಹುಡುಗನ ಹೊಟ್ಟೆಯತ್ತ ಒಮ್ಮೆ ನೋಡಿ ಸ್ಟ್ಯಾಂಡಣ್ಣ ಸುಮ್ಮನಾದ. ಗಿರಾಕಿಗೆ ಹೇಳಬಾರದ ಮಾತು ಯಾವುದೆಂದು ಅವನಿಗೆ ಗೊತ್ತು.

ಇಂಥ ಸೈಕಲ್ಲನ್ನು ಹಂಪಿಯಲ್ಲಿ ನಿಲ್ಲಿಸುವುದೆಲ್ಲಿ? ಊರೂರಲ್ಲಿ ಮಾಡುವ ಹಾಗೆ ನೆಲ ಅಗೆದು ಕಬ್ಬಿಣದ ಕಂಬಿ ನೆಡೋಣ ಎಂದರೆ ಸಂರಕ್ಷಿತ ಸ್ಮಾರಕದಿಂದ ನೂರು ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ, ಅದರಾಚೆ ಇನ್ನೂರು ಮೀಟರ್ ತನಕ ಅನುಮತಿ ಬೇಕು. ಹಂಪಿಯಲ್ಲಿ ಯಾವುದಾದರೂ ಸ್ಮಾರಕದಿಂದ ನೂರು ಮೀಟರ್ ದೂರ ಹೋಗುವುದೇ ಒಂದು ಸಾಹಸ. ಒಂದರಿಂದ ದೂರವಾದರೆ ಇನ್ನೊಂದರ ಮಗ್ಗುಲಿಗೆ ಬಂದಿರುತ್ತೀರಿ. ಕಂಬಕ್ಕೆ ಒರಗಿಸೋಣ ಎಂದರೆ ಪೀಪಿ ಊದುತ್ತಾ ಓಡಿಬರುತ್ತಾನೆ: “ಐನೂರು ವರ್ಷದ ಕಂಬ ಐತ್ರೀ, ನಿಮ್ಮ ಸೈಕಲ್ಲಿಗೆ ಗೀರು ಬಿದ್ರ ಅಂಗಡ್ಯಾಗ ಹೊಸಾದು ಸಿಗ್ತೈತಿ!” ಹಾಗಾಗಿ ಹಂಪಿಗೆ ಸರಿಹೊಂದುವುದು ಬೆಳಿಗ್ಗೆ ಬಂದು ಸಂಜೆ ಎದ್ದುಹೋಗುವ ಸ್ಟ್ಯಾಂಡು ಮಾತ್ರ. ಸ್ಟ್ಯಾಂಡಣ್ಣ ನಾಲ್ಕು ಡ್ರಮ್ಮಿಗೆ ಮರಳು ತುಂಬಿ, ಮೇಲೆ ಶಾಮಿಯಾನದವನಿಂದ ಎರವಲು ತಂದ ಬೊಂಬು ಅಡ್ಡ ಕಟ್ಟಿದ. ಸೀಟಿನ ಮೂತಿಯನ್ನು ಬೊಂಬಿಗೆ ಸಿಕ್ಕಿಸಿದರೆ ಹಿಂದಿನ ಗಾಲಿ ನೆಲ ಬಿಟ್ಟು, ಲಕ್ಷ ಲಕ್ಷದ ಸೈಕಲ್ಲುಗಳೆಲ್ಲ ಒಣಹಾಕಿದ ಬಟ್ಟೆಯ ಹಾಗೆ ಸಾಲಾಗಿ ತೂಗಿದವು. ದೊಡ್ಡ ದೊಡ್ಡ ದೇಶಗಳ ಪಂದ್ಯಗಳಲ್ಲಿ ನಿಲ್ಲಿಸುವುದೂ ಹೀಗೇ ಎಂದು ಹುಡುಗ ಬೆರಗಾದ. “ಅವ್ರಿಗೂ ಬೊಂಬು ಸಿಕ್ಕಾವೇನು” ಎಂದ ಸ್ಟ್ಯಾಂಡಣ್ಣ.

ಆದರೂ ಹುಡುಗನಿಗೆ ಧೈರ್ಯ ಸಾಲದು. ಬ್ಯಾಗಿನಿಂದ ನಂಬರ್ ಬೀಗದ ಚೈನು ತೆಗೆದ. ಬೀಗ ಹಾಕಿದರೆ ಸಾಲು ಸರಿಸಲು ಬರುವುದಿಲ್ಲ. ಸ್ಟ್ಯಾಂಡಣ್ಣನಿಗೆ ಅದು ವೃತ್ತಿಗೆ ಮಾಡಿದ ಅವಮಾನ ಬೇರೆ. “ಸರ, ಆ ಚೈನನ್ನ ಎಷ್ಟು ನಂಬ್ತೀರಿ? ಡ್ಯಾಮಿನ 19ನೇ ಗೇಟಿಗೆ ಹಾಕಿದ್ದ ಚೈನೇ 2024ರ ಆಗಸ್ಟಿನ್ಯಾಗ ರಾತ್ರೋರಾತ್ರಿ ತುಂಡಾತು. ಗೇಟಿಗೆ ಗೇಟೇ ಕೊಚ್ಚಿಕೊಂಡು ಹೋತು. ಮೂವತ್ಮೂರು ಗೇಟಿನ ಡ್ಯಾಮಿನ ಕಥಿ ಅದು. ಚೈನಿಗೆ ಕಣ್ಣಿರೂದಿಲ್ರೀ, ನನಗ ಎರಡು ಅದಾವ.” ಹೊಸಪೇಟೆಯಲ್ಲಿ ಈ ವಾದಕ್ಕೆ ಉತ್ತರವಿಲ್ಲ. ಚೈನು ಬ್ಯಾಗಿಗೆ ಹೋಯಿತು.

ಉಪಕಾರಕ್ಕೆ ಪ್ರತ್ಯುಪಕಾರವಾಗಿ ಹುಡುಗ ಅವನಿಗೆ ಲೋಕಜ್ಞಾನ ಹಂಚಿದ. ನೆದರ್ಲೆಂಡ್ಸಿನ ಉಟ್ರೆಕ್ಟ್ ರೈಲು ನಿಲ್ದಾಣದ ಕೆಳಗೆ ಸುಮಾರು 12,500 ಸೈಕಲ್ ನಿಲ್ಲಿಸುವ ಮೂರಂತಸ್ತಿನ ಸ್ಟ್ಯಾಂಡು 2019ರಲ್ಲಿ ಪೂರ್ತಿಯಾಯಿತು, ಒಳಗೆ ಸೈಕಲ್ ಹೊಡೆದುಕೊಂಡೇ ಹೋಗಬಹುದು, ಯಾವ ಸಾಲಿನಲ್ಲಿ ಜಾಗವಿದೆ ಎಂದು ದೀಪವೇ ಹೇಳುತ್ತದೆ ಎಂದ. ಸ್ಟ್ಯಾಂಡಣ್ಣ ಮನಸ್ಸಿನಲ್ಲೇ ಐದರಿಂದ ಗುಣಿಸುತ್ತಿದ್ದ. ತುಟಿ ಅಲುಗುತ್ತಿದ್ದುದು ಕಾಣುತ್ತಿತ್ತು. ಅರವತ್ತು ಸಾವಿರದ ಹತ್ತಿರ ಬಂದು ಮುಖ ಅರಳುವಷ್ಟರಲ್ಲಿ ಹುಡುಗ ಸೇರಿಸಿದ: “ಮೊದಲ 24 ಗಂಟೆ ಫ್ರೀ.”

“ಪುಕ್ಕಟೇನಾ? ಮತ್ತ ಸ್ಟ್ಯಾಂಡಿನವನ ಹೊಟ್ಟಿಗೆ?”

ಹುಡುಗನ ಹತ್ತಿರ ಅದಕ್ಕೆ ಅಂಕಿಅಂಶ ಇರಲಿಲ್ಲ. ಸಾನ್ ಫ್ರಾನ್ಸಿಸ್ಕೊದಲ್ಲಿ ರಸ್ತೆ ಬಂದ್ ಮಾಡಿ ಎರಡು ಸಾವಿರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವಾದರೆ ಕಾವಲಿನ ಸೈಕಲ್ ಸ್ಟ್ಯಾಂಡು ಇಡಲೇಬೇಕೆಂದು ನಿಯಮವಿದೆ ಎಂದು ಮಾತು ತಿರುಗಿಸಿದ. ಇದು ಸ್ಟ್ಯಾಂಡಣ್ಣನಿಗೆ ಹಿಡಿಸಿತು. ಅಲ್ಲಿನ ನಗರಸಭೆಯವರು ತಿಳಿದವರು ಎಂದು ತೀರ್ಪು ಕೊಟ್ಟ. ಹಂಪಿ ಉತ್ಸವದಲ್ಲಿ ವಿ.ಐ.ಪಿ. ಕಾರಿಗೆ ಪಾಸು, ಬಸ್ಸಿಗೆ ಬಯಲು, ಬೈಕಿಗೆ ಬೋರ್ಡು ಇರುತ್ತದೆ. ಹಳ್ಳಿಯಿಂದ ಸೈಕಲ್ ತುಳಿದು ಬಂದವನು ಮಾತ್ರ ವೇದಿಕೆಯ ಹಾಡು ಕೇಳುವುದಕ್ಕಿಂತ ಹೆಚ್ಚಾಗಿ ತನ್ನ ಸೈಕಲ್ಲು ಬಿಟ್ಟುಬಂದ ಕತ್ತಲೆಯ ಕಡೆಗೇ ನೋಡುತ್ತಿರುತ್ತಾನೆ.

ಜಾಥಾದ ಭಾಷಣ ಮುಗಿಯಿತು. ಬಾಳೆಹಣ್ಣು ಹಂಚಿದರು. ಹುಡುಗ ವಾಪಸ್ ಬಂದವನು ಚಡ್ಡಿ ತಡಕಿದ, ಅದಕ್ಕೆ ಜೇಬಿಲ್ಲ. ಚೀಟಿ ಹೋಗಿತ್ತು. ಸೈಕಲ್ಲು ಕಣ್ಣೆದುರೇ ತೂಗುತ್ತಿದೆ, ಸವಾರನ ಮುಖವೂ ಪರಿಚಯ, ಬೆಳಿಗ್ಗೆಯಿಂದ ಮಾತಾಡಿದ್ದೂ ಆಗಿದೆ. ಆದರೂ ಕಾನೂನು ಕಾನೂನೇ. ವಿಚಾರಣೆ ಶುರುವಾಯಿತು. ಹಿಂದಿನ ಟೈರು ಯಾವ ಕಂಪನಿ? ಹೇಳಿದ. ಹಲ್ಲಿನ ಚಕ್ರ ಎಷ್ಟು? ಹೇಳಿದ. ಫ್ರೇಮು ಯಾವ ದೇಶದ್ದು? ಅದನ್ನೂ ಹೇಳಿದ.

“ಎಡಗಡೆ ಫೋರ್ಕಿನ ಕೆಳಗ ಒಂದು ಗೀರು ಐತಲ್ಲ, ಎಷ್ಟುದ್ದ?”

ಗೀರು ಇದೆ ಎಂಬುದೇ ಹುಡುಗನಿಗೆ ಗೊತ್ತಿರಲಿಲ್ಲ. ಗಾಬರಿಯಿಂದ ಬಗ್ಗಿ ನೋಡಿದ. ಕಿರುಬೆರಳಿನ ಉಗುರಿನಷ್ಟಿತ್ತು. ಮುಖ ಬಿಳಿಚಿಕೊಂಡಿತು. “ಬರುವಾಗಲೇ ಇತ್ತು ಅಂತ ಬರಕೊಂಡೀನಿ” ಎಂದು ಸ್ಟ್ಯಾಂಡಣ್ಣ ನೋಟ್‌ಬುಕ್ ತೋರಿಸಿದ. ಇದ್ದದ್ದು ನಿಜ: ನಂಬರು, ಬಣ್ಣ, ಮುಂದೆ ‘ಗೀರು ೧’. ಇಂಥ ದಾಖಲೆ ಕೆಲವು ಇಲಾಖೆಗಳಲ್ಲೂ ಸಿಗುವುದಿಲ್ಲ.

ಸಂಘಟಕರು ಸ್ಟ್ಯಾಂಡಣ್ಣನ ಕೂಲಿ ಕೊಡುವ ಹೊತ್ತಿಗೆ ಲೆಕ್ಕ ನೋಡುವವರು ಊಟಕ್ಕೆ ಹೋಗಿದ್ದರು. ಅದರ ಬದಲು ವೇದಿಕೆಗೆ ಕರೆದು, ಒಂದು ಎಕ್ಸ್‌ಎಲ್ ಟೀ ಶರ್ಟು ಹೊದಿಸಿ, ಪರಿಸರಸ್ನೇಹಿ ಸವಾರಿಯಲ್ಲಿ ಪಾಲ್ಗೊಂಡಿದ್ದಕ್ಕಾಗಿ ಎಂದು ಅಚ್ಚಾಗಿದ್ದ ಪ್ರಮಾಣಪತ್ರ ಕೊಟ್ಟರು. ‘ಶ್ರೀ’ ಆದ ಮೇಲೆ ಹೆಸರಿನ ಜಾಗ ಖಾಲಿ. ಅವನು ಬಂದದ್ದು ಟಿವಿಎಸ್ ಮೊಪೆಡ್ಡಿನಲ್ಲಿ. ಅದು ಆಚೆ ಹುಣಸೆ ಮರದ ಕೆಳಗೆ, ಕೀಲಿ ಅದರಲ್ಲೇ ಬಿಟ್ಟು ನಿಂತಿತ್ತು. ಪ್ರಮಾಣಪತ್ರವನ್ನು ಬೆಳಕಿಗೆ ಹಿಡಿದ, ಬೆರಳಿನಿಂದ ಬಾಗಿಸಿ ನೋಡಿದ, ಮೂಲೆ ಹಿಸುಕಿದ. ಸಂಘಟಕರು ಅವನ ಕಣ್ಣಲ್ಲಿ ನೀರಿದೆಯೇ ಎಂದು ನೋಡುತ್ತಿದ್ದರು.

“ಕಾಗದ ಭಾರಿ ದಪ್ಪ ಐತ್ರೀ” ಎಂದ. “ಇಂಥವು ಇನ್ನೂ ಉಳಿದಾವೇನು? ಒಂದಕ್ಕ ಹದಿನಾರು ಚೀಟಿ ಆಗ್ತಾವ.”